ಪುಸ್ತಕದ ಬದನೆಕಾಯಿ

ಇಂಗ್ಲಿಷ್ ಪದಗಳನ್ನು ಉರು ಹೊಡೆಯುವ ಹುಚ್ಚು ನಮ್ಮ ಕಾಲೇಜುಗಳಲ್ಲಿ ಜೋರಾಗಿದೆ. ಎಡಗಡೆ ಪದ, ಬಲಗಡೆ ಅರ್ಥ ಇರುವ ಪಟ್ಟಿ ಹಿಡಿದು, ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ದಿನಕ್ಕೆ ಐವತ್ತು ಪದ ಮುಗಿಸುವ ಗೆಳೆಯರಿದ್ದಾರೆ. ಪರೀಕ್ಷೆಗೆ, ಕೆಲಸದ ಸಂದರ್ಶನಕ್ಕೆ ಪದಸಂಪತ್ತು ಬೇಕು, ಒಪ್ಪೋಣ. ಕನ್ನಡ ಮಾಧ್ಯಮದಿಂದ ಬಂದವರಿಗಂತೂ ಆ ಹಸಿವು ಇನ್ನೂ ಹೆಚ್ಚು. ಆದರೆ ಅರ್ಥ ಬಾಯಿಪಾಠವಾದ ಮಾತ್ರಕ್ಕೆ ಪದ ನಮ್ಮದಾಯಿತೇ?

'ಮಿಟಿಗೇಟ್' ಎಂದರೆ ತಗ್ಗಿಸು ಅಂತ ಪಟ್ಟಿ ಹೇಳುತ್ತದೆ. ಸರಿ, ನಷ್ಟವನ್ನು, ಶಿಕ್ಷೆಯ ಕಠೋರತೆಯನ್ನು ಮಿಟಿಗೇಟ್ ಮಾಡಬಹುದು. ನಾವು ತಲೆಯನ್ನೂ ತಗ್ಗಿಸುತ್ತೇವಲ್ಲ, ಅದನ್ನು ಮಿಟಿಗೇಟ್ ಮಾಡೋಕಾಗುತ್ತಾ? 'ಸ್ಯಾಂಕ್ಷನ್' ಇನ್ನೂ ಮೋಸದ ಪದ. ಬ್ಯಾಂಕು ಸಾಲ ಸ್ಯಾಂಕ್ಷನ್ ಮಾಡಿದರೆ ಮಂಜೂರಾತಿ. ಒಂದು ದೇಶ ಇನ್ನೊಂದರ ಮೇಲೆ ಸ್ಯಾಂಕ್ಷನ್ ಹೇರಿದರೆ ನಿರ್ಬಂಧ. ಯಾವ ಅರ್ಥ ಅಂತ ತೀರ್ಮಾನಿಸುವುದು ವಾಕ್ಯ, ಪಟ್ಟಿಯಲ್ಲ.

ನಿಘಂಟು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1755ರ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅರ್ಥದ ಜೊತೆಗೆ ಲೇಖಕರ ವಾಕ್ಯಗಳನ್ನೂ ಕೊಟ್ಟರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳೂ ಸಿಗುತ್ತವೆ. ಅಮೆರಿಕದಲ್ಲಿ ಮುಂದೆ ಓದಲು ಬರೆಯುವ ಜಿ.ಆರ್.ಇ. ಪರೀಕ್ಷೆಯೂ 2011ರಲ್ಲಿ ವಿರುದ್ಧಪದ ಕೇಳುವ ಬಿಡಿ ಪ್ರಶ್ನೆಗಳನ್ನು ಕೈಬಿಟ್ಟಿತು. ಈಗ ವಾಕ್ಯದ ಒಳಗೆ ಸರಿಯಾದ ಪದ ತುಂಬಬೇಕು. ಪಟ್ಟಿ ಮಾರುವವರು ಮಾತ್ರ ಮಾರುತ್ತಲೇ ಇದ್ದಾರೆ!

ಹಾಗಾದರೆ ಏನು ಮಾಡೋಣ? ದಿನಕ್ಕೆ ಐದೇ ಪದ ಸಾಕು. ನಿಘಂಟಿನ ಅರ್ಥ ಓದಿ, ಪುಸ್ತಕ ಮುಚ್ಚಿ, ಮನೆಯಲ್ಲಿ ಅಮ್ಮನಿಗೆ ತಿಳಿಯುವಂಥ ಕನ್ನಡದಲ್ಲಿ ಅದನ್ನು ಬರೆಯಿರಿ. ಅದರ ಕೆಳಗೆ, ಆ ಪದ ನಿಮಗೆ ಎದುರಾದ ಇಂಗ್ಲಿಷ್ ವಾಕ್ಯವನ್ನೂ ನಿಮ್ಮದೇ ಒಂದು ವಾಕ್ಯವನ್ನೂ ಬರೆಯಿರಿ. ಕನ್ನಡದಲ್ಲಿ ಹೇಳಲು ತಡವರಿಸಿದರೆ ಅರ್ಥ ಇನ್ನೂ ಆಗಿಲ್ಲ ಅಂತಲೇ ತಿಳಿಯಿರಿ.

ಕನ್ನಡ ಮಾಧ್ಯಮದಿಂದ ಬಂದ ಗೆಳೆಯರೇ, ಇಂಗ್ಲಿಷ್ ಕ್ಲಾಸಿನಲ್ಲಿ ಹಿಂದಿನ ಬೆಂಚು ಹುಡುಕಬೇಡಿ. ಬರೀ ಇಂಗ್ಲಿಷ್ ಬಲ್ಲವನಿಗೆ ಇಂಗ್ಲಿಷ್ ಪದವನ್ನು ತಿಕ್ಕಿ ನೋಡಲು ಇನ್ನೊಂದು ಒರೆಗಲ್ಲು ಇಲ್ಲ, ನಿಮಗಿದೆ. ಅದನ್ನು ನಾಚಿಕೆಯಿಂದ ಬಚ್ಚಿಟ್ಟು ಪಟ್ಟಿಯ ಸಾವಿರ ಪದ ನುಂಗಿದರೆ, ಅವೆಲ್ಲ ಪುಸ್ತಕದ ಬದನೆಕಾಯಿಯೇ. ಹುಳಿಗೆ ಹಾಕಲು ಬರೋದಿಲ್ಲ. ಹೊತ್ತಿಗೆ ಒದಗುವ ನೂರು ಪದಗಳೇ ಲೇಸು. ಏನಂತೀರಿ?