ಕಿವಿಗೆ ಹಿತವಾಗಿರಬೇಕೆಂದು ಯಾರು ಹೇಳಿದರು?

ಹೋದ ತಿಂಗಳು ಒಂದು ಕಾಲೇಜಿನಲ್ಲಿ ಓದು-ಬರಹದ ಬಗ್ಗೆ ಮಾತಾಡಲು ಕರೆದಿದ್ದರು. ವೇದಿಕೆಯ ಮೇಲೆ ನಾವು ಮೂವರು. ಪ್ರಶ್ನೆಗಳ ಹೊತ್ತಿಗೆ ಬಿ.ಎ. ಓದುವ ಹುಡುಗಿಯೊಬ್ಬಳು ಎದ್ದು, “ನಿಮ್ಮನ್ನು ಬರೆಯೋಕೆ ಹಚ್ಚಿದ ಪುಸ್ತಕ ಯಾವುದು ಸರ್?” ಎಂದು ಕೇಳಿದಳು. ಉಳಿದಿಬ್ಬರೂ ಎಲ್ಲರೂ ಹೇಳುವ ಹೆಸರುಗಳನ್ನೇ ಹೇಳಿದರು. ಅವು ಒಳ್ಳೆಯ ಹೆಸರುಗಳೇ. ನನ್ನ ಸರದಿ ಬಂದಾಗ ನಾನು ನಿಜ ಹೇಳಿದೆ: “ಪುಸ್ತಕ ಅಲ್ಲಮ್ಮ, ಒಂದು ಆಲ್ಬಮ್. 1970ರ ‘ಬ್ಲ್ಯಾಕ್ ಸಬ್ಬತ್’.”

ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಶಿಳ್ಳೆ ಹೊಡೆದರು. ಪಕ್ಕದಲ್ಲಿದ್ದ ಹಿರಿಯ ವಿಮರ್ಶಕರು ನಕ್ಕು ಮೈಕು ಎಳೆದುಕೊಂಡರು. “ಅದು ಸಂಗೀತ ಅಲ್ಲಪ್ಪಾ, ಗದ್ದಲ. ಸಂಗೀತ ಅಂದರೆ ಕಿವಿಗೆ ಹಿತವಾಗಿರಬೇಕು, ಮನಸ್ಸನ್ನ ಅರಳಿಸಬೇಕು. ಇವೆಲ್ಲ ಕತ್ತಲೆ ಮಾರೋ ಅಂಗಡಿಗಳು.” ಸಭೆ ಚಪ್ಪಾಳೆ ತಟ್ಟಿತು. ಹಿರಿಯರ ಎದುರು ವಾದ ಬೇಡವೆಂದು ಸುಮ್ಮನಾದೆ. ಬಸ್ಸಿನಲ್ಲಿ ಮನೆಗೆ ಬರುವಾಗ, ಸುಮ್ಮನಿದ್ದದ್ದೇ ಕೊರೆಯತೊಡಗಿತು. ಅಲ್ಲಿ ಆಡದೆ ನುಂಗಿಕೊಂಡದ್ದನ್ನು ಇಲ್ಲಿ ಆಡುತ್ತಿದ್ದೇನೆ.

ನಾನು ಆ ಆಲ್ಬಮ್ಮನ್ನು ಮೊದಲು ಕೇಳಿದ್ದು 2008ರಲ್ಲಿ. ಆಗ ಪೀಣ್ಯದ ಹತ್ತಿರ ಸೋದರಮಾವನ ಮನೆಯಲ್ಲಿದ್ದುಕೊಂಡು ಡಿಪ್ಲೊಮಾ ಓದುತ್ತಿದ್ದೆ. ಮಾವ ಕುಣಿಗಲ್ ಕಡೆಯಿಂದ ಬಂದು ಸಣ್ಣ ವರ್ಕ್‌ಶಾಪೊಂದರಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದರು. ತಗಡನ್ನು ಡೈ ಮೇಲಿಟ್ಟು ಪೆಡಲ್ ಒತ್ತಿದರೆ ಮೇಲಿಂದ ಪಂಚ್ ದಡ್ಡನೆ ಇಳಿದು ವಾಷರ್ ಕತ್ತರಿಸಿ ಬೀಳಿಸುತ್ತದೆ. ಮತ್ತೆ ತಗಡು, ಮತ್ತೆ ಪೆಡಲ್. ದಿನಕ್ಕೆ ಸಾವಿರಾರು ಸಲ. ಕೈಗೆ ಅಡ್ಡವಾಗಿ ಇರಬೇಕಾದ ಗಾರ್ಡನ್ನು ಕೆಲಸ ಬೇಗ ಆಗಲೆಂದು ಬಿಚ್ಚಿಟ್ಟಿದ್ದರಂತೆ. ಆ ವರ್ಷದ ಮಳೆಗಾಲದಲ್ಲಿ, ಒಂದು ನೈಟ್ ಶಿಫ್ಟಿನ ಕೊನೆಯ ಗಂಟೆಯಲ್ಲಿ, ಮಾವನ ಎಡಗೈಯ ಎರಡು ಬೆರಳುಗಳ ತುದಿ ಹೋಯಿತು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: “ಇಷ್ಟರಲ್ಲೇ ಹೋಯ್ತಲ್ಲ, ದೇವರು ದೊಡ್ಡೋನು.” ಯಾರೋ ಮನಸ್ಸಿಗೆ ನೆಮ್ಮದಿಯೆಂದು ಕೊಳಲಿನ ಸಿ.ಡಿ. ತಂದುಕೊಟ್ಟರು. ಬೆಳಗ್ಗೆ ಭಕ್ತಿಗೀತೆ, ಸಂಜೆ ಕೊಳಲು. ‘ಬೆರಳು’ ಎಂಬ ಶಬ್ದವನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅತ್ತೆ ಮಾವನಿಗೆ ಅನ್ನ ಕಲೆಸಿಕೊಡುವಾಗ ಇಬ್ಬರೂ ತಟ್ಟೆಯನ್ನಷ್ಟೇ ನೋಡುತ್ತಿದ್ದರು. ಬ್ಯಾಂಡೇಜು ಕಟ್ಟಿದ್ದ ಕೈ ಇನ್ಯಾರದೋ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಅದೇ ವಾರ ಕ್ಲಾಸಿನ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಹಾಡುಗಳನ್ನು ಹಾಕಿಕೊಟ್ಟ. ಮೊದಲ ಹಾಡು, ಆಲ್ಬಮ್ಮು, ಬ್ಯಾಂಡು ಮೂರಕ್ಕೂ ಒಂದೇ ಹೆಸರು. ಶುರುವಿನಲ್ಲಿ ಮಳೆಯ ಸದ್ದು. ದೂರದಲ್ಲಿ ಚರ್ಚಿನ ಗಂಟೆ, ಗುಡುಗು. ಹೊರಗೂ ಮಳೆ ಬರುತ್ತಿದ್ದುದರಿಂದ ಹಾಡು ಶುರುವಾಗಿದೆಯೋ ಇಲ್ಲವೋ ಎಂದು ಇಯರ್‌ಫೋನ್ ತೆಗೆದು ನೋಡಿದೆ. ಮತ್ತೆ ಹಾಕಿಕೊಂಡಾಗ ಗಿಟಾರ್ ಬಿತ್ತು. ‘ಬಿತ್ತು’ ಎನ್ನದೆ ಬೇರೆ ಪದ ಇಲ್ಲ. ಮೂರು ಸ್ವರ. ನಡುವೆ ಅಷ್ಟುದ್ದ ನಿಶ್ಶಬ್ದ. ಮತ್ತೆ ಅವೇ ಮೂರು. ಆಮೇಲೆ ಒಬ್ಬ ಹೆದರಿದ ಮನುಷ್ಯನ ದನಿ: ಎದುರಿಗೆ ಕಪ್ಪಾಗಿ ಏನೋ ನಿಂತಿದೆ, ನನ್ನನ್ನೇ ನೋಡುತ್ತಿದೆ, ಏನದು? ಕೊನೆಗೆ ಆ ದನಿ ದೇವರನ್ನೇ ಕೂಗಿ ಸಹಾಯ ಬೇಡುತ್ತದೆ. ಹಾಡು ಸಮಾಧಾನ ಹೇಳುವುದಿಲ್ಲ. ಇದೂ ಒಳ್ಳೆಯದಕ್ಕೇ ಅನ್ನುವುದಿಲ್ಲ.

ನಾನು ಅಳಲಿಲ್ಲ. ಆದರೆ ಎರಡು ವಾರದಿಂದ ಮನೆಯಲ್ಲಿ ಯಾರೂ ಹೆಸರಿಡದಿದ್ದ ಒಂದು ಸಂಗತಿ ಹೊರಗೆ ಬಂದು ನಿಂತಂತೆ ಅನ್ನಿಸಿತು. ಹೆದರಿಕೆಯಾಗಿದೆ ಎಂದು ಬಾಯಿಬಿಟ್ಟು ಹೇಳಬಹುದು ಎನ್ನುವುದನ್ನು ನನಗೆ ಕಲಿಸಿದ್ದು ಆ ಹಾಡು. ಬರವಣಿಗೆ ಎಂದರೆ ಅದಲ್ಲದೆ ಇನ್ನೇನು?

ಈಗ ಹಿರಿಯರ ಮಾತಿಗೆ ಬರುತ್ತೇನೆ. ಮೊದಲು ‘ಗದ್ದಲ’.

ಆ ಮೂರು ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಈ ಅಂತರವನ್ನೇ ಯುರೋಪಿನ ಸಂಗೀತಶಾಸ್ತ್ರದವರು ‘ಸಂಗೀತದೊಳಗಿನ ಸೈತಾನ’ ಎಂದು ಕರೆದದ್ದು. ನಮ್ಮಲ್ಲೋ, 72 ಮೇಳಕರ್ತಗಳ ಪೈಕಿ ಎರಡನೇ ಅರ್ಧದ 36ಕ್ಕೂ ಇದೇ ಮಧ್ಯಮ. ಮಂಗಳಕರವೆಂದು ಹಾಡುವ ಕಲ್ಯಾಣಿಯಲ್ಲೂ ಇದೇ. ಹಾಗಾದರೆ ಸೈತಾನ ಸ್ವರದಲ್ಲಿಲ್ಲ. ಕಲ್ಯಾಣಿಯಲ್ಲಿ ಆ ಮಧ್ಯಮಕ್ಕೆ ಆಚೆ ಪಂಚಮ, ಈಚೆ ಗಾಂಧಾರ, ಮನೆ ತುಂಬ ನೆಂಟರು. ಇಲ್ಲಿ ಅದನ್ನು ಒಂಟಿಯಾಗಿ ನಡುರಾತ್ರಿಯಲ್ಲಿ ನಿಲ್ಲಿಸಿ, ಸ್ವಲ್ಪ ನಡುಗಿಸಿ ಬಿಟ್ಟಿದ್ದಾರೆ. ಒಂದೇ ಸ್ವರ ಎಲ್ಲಿ ಅರಳುತ್ತದೆ, ಎಲ್ಲಿ ನಡುಗುತ್ತದೆ ಎಂದು ತಿಳಿದು ಮಾಡಿದ ಕೆಲಸವನ್ನು ಗದ್ದಲ ಎನ್ನಬೇಕಾದರೆ ಒಂದು ಸಲವಾದರೂ ಪೂರ್ತಿ ಕೇಳಿರಬೇಕು. ಅವರು ಕೇಳಿರಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಅವರೇ ಹೇಳಿದರು.

ಇನ್ನು ‘ಹಿತ’. ಇದೇ ವಿಮರ್ಶಕರು ಅರ್ಧ ಗಂಟೆ ಮೊದಲು ರನ್ನನ ಗದಾಯುದ್ಧದ ಬಗ್ಗೆ ತುಂಬ ಚೆನ್ನಾಗಿ ಮಾತಾಡಿದ್ದರು. ದುರ್ಯೋಧನ ಸಂಜಯನೊಂದಿಗೆ ಹೆಣಗಳನ್ನು ದಾಟುತ್ತ ರಣರಂಗದಲ್ಲಿ ನಡೆಯುವುದು, ಮರುಳುಗಳು ಅವನನ್ನು ಗೇಲಿ ಮಾಡುವುದು, ತಮ್ಮನ ಹೆಣ, ಮಗನ ಹೆಣ, ಕರ್ಣನ ಹೆಣ. ಇದರಲ್ಲಿ ಯಾವುದು ಹಿತ? ಸಾವಿರ ವರ್ಷದಿಂದ ನಾವು ಅದನ್ನು ಓದುತ್ತಿರುವುದು ಹಿತವಾಗಿದೆಯೆಂದೇ? ಭರತನ ಎಂಟು ರಸಗಳಲ್ಲಿ ಭಯಾನಕವೂ ಇದೆ, ಬೀಭತ್ಸವೂ ಇದೆ. ಕರಾವಳಿಯಲ್ಲಿ ನಡುರಾತ್ರಿ ದೈವ ಅಬ್ಬರಿಸುವಾಗ ಯಾರೂ ಕಿವಿ ಮುಚ್ಚಿಕೊಂಡು ‘ಹಿತವಾಗಿಲ್ಲ’ ಅನ್ನುವುದಿಲ್ಲ. ಯಕ್ಷಗಾನದ ರಕ್ಕಸವೇಷ ಚೆಂಡೆಯ ಸಿಡಿತಕ್ಕೆ ಕೂಗುತ್ತ ಬಂದಾಗ ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕೂರುತ್ತವೆ. ಕಾವ್ಯಕ್ಕೆ, ಆರಾಧನೆಗೆ, ಆಟಕ್ಕೆ ಕೊಟ್ಟ ಪರವಾನಗಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಕೊಡಲು ನಮಗೆ ಏಕೆ ಹೊಟ್ಟೆಕಿಚ್ಚು?

ನನ್ನ ಅನುಮಾನ ಇಷ್ಟು: ರನ್ನನ ಹೆಣಗಳು ಹಳೆಯವು. ಅವು ನಮ್ಮ ಬೀದಿಯವಲ್ಲ. ಈ ಆಲ್ಬಮ್ಮಿನ ಹೆದರಿಕೆ ಕಾರ್ಖಾನೆಯ ಗೇಟಿನಿಂದ ನಡೆದು ಬಂದದ್ದು.

ಅದನ್ನು ಮಾಡಿದ ನಾಲ್ವರೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಆಸುಪಾಸಿನವರು. 1948-49ರಲ್ಲಿ ಹುಟ್ಟಿ, ಮಹಾಯುದ್ಧದ ಬಾಂಬು ಬಿದ್ದ ಹಾಳು ಜಾಗಗಳಲ್ಲಿ ಆಡಿ ಬೆಳೆದ ಕೂಲಿಕಾರರ ಮನೆಯ ಮಕ್ಕಳು. ಹಾಡುಗಾರ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು, ಕಳ್ಳತನಕ್ಕಾಗಿ ಜೈಲಿಗೂ ಹೋಗಿ ಬಂದವನು. ಗಿಟಾರ್ ನುಡಿಸುವ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿದ್ದ. ಬ್ಯಾಂಡಿನ ಜತೆ ಊರೂರು ತಿರುಗಲೆಂದು ಕೆಲಸ ಬಿಡುವ ಕೊನೆಯ ದಿನ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿ ಕಿತ್ತುಕೊಂಡಿತು. ಅವನು ಎಡಚ. ತಂತಿ ಒತ್ತುವ ಕೈಯೇ ಅದು. ಕಾರ್ಖಾನೆಯ ಮೇಲ್ವಿಚಾರಕ ಅವನಿಗೆ ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದ. ಬೆಂಕಿಯಲ್ಲಿ ಕೈ ಸುಟ್ಟುಕೊಂಡು, ಎರಡೇ ಬೆರಳಲ್ಲಿ ಎಡೆಬಿಡದೆ ನುಡಿಸಿದ ಗಿಟಾರ್ ವಾದಕ ಅವನು. ಅಯೋಮಿ ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮದ ಚೂರು ಅಂಟಿಸಿದ, ತೆಳುವಾದ ತಂತಿ ಹಾಕಿದ. ಮೂರನೇ ಆಲ್ಬಮ್ಮಿನ ಹೊತ್ತಿಗೆ, 1971ರಲ್ಲಿ, ತಂತಿಗಳನ್ನು ಇನ್ನೂ ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಹೆವಿ ಮೆಟಲ್ ಎಂದು ಲೋಕ ಕರೆಯುವ ಆ ಭಾರದಲ್ಲಿ ಒಂದಷ್ಟು ಪಾಲು ಈ ಗಾಯದ್ದು.

ಇದನ್ನು ನಾನು ಓದಿ ತಿಳಿದದ್ದು ಆಲ್ಬಮ್ ಕೇಳಿದ ಒಂದು ವರ್ಷದ ಮೇಲೆ. ಓದಿದ ದಿನ ಪುಟ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆ ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೊ ಒಂದರಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಿಸಿದರು. ಮಳೆ-ಗುಡುಗಿನ ಸದ್ದನ್ನು ಆಮೇಲೆ ಸೇರಿಸಿದ್ದು. 1970ರ ಫೆಬ್ರವರಿ 13, ಶುಕ್ರವಾರ ಅದು ಹೊರಬಂತು. ಅಮೆರಿಕದ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ‘ರೋಲಿಂಗ್ ಸ್ಟೋನ್’ನಲ್ಲಿ ಅದನ್ನು ಹೀಯಾಳಿಸಿ ಬರೆದರು. ಎರಡು ವರ್ಷದ ಮೇಲೆ ಅವರೇ ‘ಕ್ರೀಮ್’ ಪತ್ರಿಕೆಯಲ್ಲಿ ಈ ಬ್ಯಾಂಡಿನ ನೈತಿಕ ಕಾಳಜಿಯನ್ನು ಎತ್ತಿಹಿಡಿದು ಉದ್ದಕ್ಕೆ ಬರೆದರು. ವಿಮರ್ಶಕರು ಮನಸ್ಸು ಬದಲಾಯಿಸಬಾರದೆಂದೇನಿಲ್ಲ. ನಮ್ಮ ಹಿರಿಯರಿಗೂ ನಾನು ಎರಡು ವರ್ಷ ಕಾಯಲು ತಯಾರಿದ್ದೇನೆ.

ಮೂರನೆಯದು ‘ಕತ್ತಲೆ ಮಾರುವ ಅಂಗಡಿ’. ಆಲ್ಬಮ್ಮಿನ ಒಳಹಾಳೆಯಲ್ಲಿ ತಲೆಕೆಳಗಾದ ಶಿಲುಬೆ ಅಚ್ಚಾಗಿದ್ದು ನಿಜ. ಅದು ಕಂಪನಿಯವರ ಕಿತಾಪತಿ, ನಮ್ಮನ್ನು ಕೇಳಿರಲಿಲ್ಲ ಎಂದು ಬ್ಯಾಂಡಿನವರು ಹೇಳುತ್ತಲೇ ಬಂದರು. ಅವರ ಕೊರಳಲ್ಲಿದ್ದ ಶಿಲುಬೆಗಳ ಕತೆ ಬೇರೆ. ಆಜಿಯ ಅಪ್ಪ ಟೂಲ್‌ಮೇಕರ್. ಹುಡುಗರಿಗೆ ಕೆಡುಕು ತಟ್ಟದಿರಲೆಂದು ಆತ ಅಲ್ಯೂಮಿನಿಯಮ್ಮಿನಲ್ಲಿ ಮಾಡಿಕೊಟ್ಟವು ಅವು. ನಮ್ಮ ಕಡೆ ಅಪ್ಪ ತಾಯಿತ ಕಟ್ಟಿದಂತೆ. 2025ರ ಜುಲೈ 22ರಂದು ಆಜಿ ತೀರಿಕೊಂಡಾಗ ನಾನು ಓದಿದ ಸುದ್ದಿಗಳಲ್ಲೆಲ್ಲ ಅವನು 1982ರಲ್ಲಿ ಬಾವಲಿಯ ತಲೆ ಕಚ್ಚಿದ ಸಂಗತಿ ಇತ್ತು. ಅಪ್ಪನ ಶಿಲುಬೆ ಎಲ್ಲೂ ಕಾಣಲಿಲ್ಲ. ಇನ್ನು ಕತ್ತಲೆ ಮಾರುವುದೇ ಅವರ ಕಸುಬಾಗಿದ್ದರೆ ಎರಡನೇ ಆಲ್ಬಮ್ಮನ್ನು ‘ವಾರ್ ಪಿಗ್ಸ್’ ಎಂಬ ಹಾಡಿನಿಂದ ಶುರುಮಾಡುತ್ತಿರಲಿಲ್ಲ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ, ಬಡವರ ಮಕ್ಕಳನ್ನು ಯುದ್ಧಕ್ಕೆ ಅಟ್ಟಿ ತಾವು ಬಚ್ಚಿಟ್ಟುಕೊಳ್ಳುವ ದೊಡ್ಡವರನ್ನು ಶಪಿಸುವ ಹಾಡು ಅದು. ಸೈತಾನ ಯಾರು ಎಂಬ ಪ್ರಶ್ನೆಗೆ ಅವರ ಉತ್ತರ ಸ್ಪಷ್ಟವಾಗಿಯೇ ಇತ್ತು.

‘ಹುಡುಗರು ಕೆಡುತ್ತಾರೆ’ ಎನ್ನುವವರಿಗೆ ಒಂದು ಮಾತು. ಹದಿನೆಂಟು ವರ್ಷದವನೊಳಗೆ ಕತ್ತಲೆಯನ್ನು ಹಾಡು ತಂದು ಸುರಿಯುವುದಿಲ್ಲ. ಅದು ಮನೆಯಲ್ಲಿ, ಪರೀಕ್ಷೆಯಲ್ಲಿ, ನೈಟ್ ಶಿಫ್ಟಿನಲ್ಲಿ ಆಗಲೇ ತುಂಬಿರುತ್ತದೆ. ಅವನನ್ನು ಒಂಟಿ ಮಾಡುವುದು ‘ನಗುತ್ತಾ ಇರು’ ಎಂಬ ನಿಮ್ಮ ಉಪದೇಶ. ನನಗೂ ಕತ್ತಲೆಯಾಗಿದೆ ಎಂದು ಪಕ್ಕಕ್ಕೆ ಬಂದು ಕೂರುವ ದನಿಯಲ್ಲ.

ಈ ಸಂಗೀತದ ಹೆಸರಲ್ಲಿ ಕಸ ಬಂದಿಲ್ಲವೆಂದಲ್ಲ. ತಲೆಬುರುಡೆ, ರಕ್ತ ಎಲ್ಲವೂ ಅಂಗಿಯ ಮೇಲಿನ ಚಿತ್ರವಾಗಿ ಬಿಕರಿಯಾಗಿವೆ. ಹೆಂಗಸರನ್ನು ಹಳಿಯುವ ಹಾಡುಗಳಿಗೆ ಲೆಕ್ಕವಿಲ್ಲ. ನಾನು ಇಷ್ಟು ಮೆಚ್ಚುವ ಆಲ್ಬಮ್ಮಿನಲ್ಲೇ ‘ಈವಿಲ್ ವುಮನ್’ ಎಂಬ ಎರವಲು ಹಾಡಿದೆ. ಅದು ಬಂದಾಗ ಪ್ರತಿಸಲವೂ ದಾಟಿಸಿ ಮುಂದೆ ಹೋಗುತ್ತೇನೆ. ಆದರೆ ಕಳಪೆ ಭಾವಗೀತೆಗಳಿವೆಯೆಂದು ಯಾರಾದರೂ ಭಾವಗೀತೆಯನ್ನೇ ಸಾಹಿತ್ಯದ ಹೊರಗಿಟ್ಟರೇ? ಪರಕೀಯ ಎಂಬ ತಕರಾರೂ ಬೇಡ. ಬೆಂಗಳೂರಿನಲ್ಲೇ ‘ಬೇವರ್ ಸೀ’ ಎಂಬ ಡೂಮ್ ಬ್ಯಾಂಡ್ ಇದೆ. ಹೆಸರನ್ನು ಒಮ್ಮೆ ಜೋರಾಗಿ ಓದಿ ನೋಡಿ. ನಮ್ಮ ಬೈಗುಳವನ್ನು ಇಷ್ಟು ನೆಮ್ಮದಿಯಾಗಿ ಒಗ್ಗಿಸಿಕೊಂಡದ್ದು ಎಷ್ಟರಮಟ್ಟಿಗೆ ಪರಕೀಯ?

ಕೊನೆಗೆ, ನನ್ನ ವಾದಕ್ಕೆ ಅಷ್ಟೇನೂ ಅನುಕೂಲವಲ್ಲದ ಒಂದು ಸಂಗತಿ. ಅಯೋಮಿಯ ಬೆರಳಿನ ಕತೆ ಓದಿದ ಉತ್ಸಾಹದಲ್ಲಿ ಮಾವನಿಗೂ ಕೇಳಿಸಲು ಹೋದೆ. ಕತೆ ಹೇಳಿದಾಗ ಅವರು ತಲೆಯಾಡಿಸಿದರು. ಇಯರ್‌ಫೋನ್ ಹಾಕಿಕೊಂಡು ಎರಡು ನಿಮಿಷ ಕೇಳಿದರು. ತೆಗೆದು ನನ್ನ ಕೈಗಿಟ್ಟು, “ಸಾಕು ನಿಲ್ಸೋ ಮಾರಾಯ. ಹನ್ನೊಂದು ವರ್ಷ ಇದನ್ನೇ ಕೇಳಿವ್ನಿ” ಎಂದರು. ಎದ್ದು ಹೋಗಿ ರಾಜಕುಮಾರ್ ಹಾಡು ಹಾಕಿಕೊಂಡರು.

ಆಗ ನನಗೆ ಅವಮಾನವಾಗಿತ್ತು. ಈಗ ಅನ್ನಿಸುತ್ತದೆ, ಈ ಆಲ್ಬಮ್ಮಿನ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಎರಡೇ ನಿಮಿಷದಲ್ಲಿ ಮಾವ ಅದರೊಳಗಿನ ಪ್ರೆಸ್ಸಿನ ಸದ್ದನ್ನು ಗುರುತಿಸಿದರು. ಗದ್ದಲ ಅನ್ನಲಿಲ್ಲ. ತನಗೆ ಗೊತ್ತಿರುವ ಸದ್ದು ಅಂದರು. ಹಿತವಾದದ್ದೇ ಬೇಕೆಂದು ಕೇಳುವ ಹಕ್ಕು ಅವರಿಗಿದೆ. ಹನ್ನೊಂದು ವರ್ಷ ಕಿವಿಕೊಟ್ಟು, ಎರಡು ಬೆರಳು ಕೊಟ್ಟು ಅದನ್ನು ಸಂಪಾದಿಸಿದ್ದಾರೆ. ಆ ಸದ್ದನ್ನು ಒಂದು ದಿನವೂ ಕೇಳದೆ, ಅದರ ವಾಷರ್ ಹಾಕಿದ ಫ್ಯಾನಿನ ಕೆಳಗೆ ಕೂತು, ಸಂಗೀತವೆಂದರೆ ಹಿತ ಎಂದು ಚಪ್ಪಾಳೆ ತಟ್ಟುವ ನಾವು ಎಲ್ಲಿ ಸಂಪಾದಿಸಿದೆವು? ಪವರ್ ಪ್ರೆಸ್ ಮುಟ್ಟದೆ ಡಿಪ್ಲೊಮಾ ಮುಗಿಸಿದ ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಪ್ರಶ್ನೆ ಕೇಳಿದ ಆ ಹುಡುಗಿಗೆ ಇಷ್ಟು ಹೇಳಬೇಕಿತ್ತು. ಮೊದಲ ಹಾಡನ್ನು ಒಂದು ಸಲ ಕೇಳಮ್ಮ. ಪೂರ್ತಿ ಆರು ನಿಮಿಷ ಇದೆ. ಹಿತವಾಗಿರುವುದಿಲ್ಲ.