ಜೂಜಿನ ಕರೆಗೆ ಗಡಿ ಇಲ್ಲ

2020ರ ಸೆಪ್ಟೆಂಬರ್ 19ರಂದು ಯುಎಇಯಲ್ಲಿ ಆ ವರ್ಷದ ಐಪಿಎಲ್ ಶುರುವಾಯಿತು. ಕೋವಿಡ್ ಕಾಲ. ಕ್ರೀಡಾಂಗಣಗಳು ಖಾಲಿ, ಟಿವಿ ಮುಂದೆ ಇಡೀ ದೇಶ. ಚೀನಾದ ಮೊಬೈಲ್ ಕಂಪನಿ ಹಿಂದೆ ಸರಿದಿದ್ದರಿಂದ ಟೂರ್ನಿಯ ಶೀರ್ಷಿಕೆ ಪ್ರಾಯೋಜಕತ್ವ ₹222 ಕೋಟಿಗೆ ಡ್ರೀಮ್11 ಪಾಲಾಗಿತ್ತು. ಅದೇ ತಿಂಗಳು ಆಂಧ್ರಪ್ರದೇಶ ಸರ್ಕಾರ ತನ್ನ 1974ರ ಗೇಮಿಂಗ್ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅಕ್ಟೋಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ್ ರೆಡ್ಡಿ ಕೇಂದ್ರಕ್ಕೆ ಪತ್ರ ಬರೆದು, 132 ಜಾಲತಾಣ ಮತ್ತು ಆ್ಯಪ್‌ಗಳನ್ನು ರಾಜ್ಯದಲ್ಲಿ ತಡೆಹಿಡಿಯಬೇಕೆಂದು ಕೋರಿದರು.

ಆ ಸಂಜೆಗಳಲ್ಲಿ ವಿಶಾಖಪಟ್ಟಣದ ಗಾಜುವಾಕದಲ್ಲೋ ವಿಜಯವಾಡದ ಬೆಂಜ್ ಸರ್ಕಲ್ ಸುತ್ತಲಿನ ಬಾಡಿಗೆ ಕೋಣೆಗಳಲ್ಲೋ ಟಿವಿ ಹಾಕಿದವರಿಗೆ ಕಂಡದ್ದೇನು? ರಾಜ್ಯ ಯಾವುದನ್ನು ಬೇಡವೆಂದಿತ್ತೋ ಅದೇ ಬಗೆಯ ಆಟದ ಹೆಸರು, ಟೂರ್ನಿಯ ಹೆಸರಿಗೇ ಅಂಟಿಕೊಂಡು, ಓವರ್‌ಗೊಮ್ಮೆ ಮನೆಯೊಳಗೆ ಬರುತ್ತಿತ್ತು. ನಂತರದ ವರ್ಷಗಳಲ್ಲಿ ಜಾಹೀರಾತಿನ ಕೊನೆಗೊಂದು ಎಚ್ಚರಿಕೆ ಸೇರಿಕೊಂಡಿತು. ಇದರಲ್ಲಿ ಹಣಕಾಸಿನ ಅಪಾಯವಿದೆ, ಚಟವಾಗಬಹುದು, ಇಂತಿಂಥ ರಾಜ್ಯಗಳವರು ಆಡುವಂತಿಲ್ಲ ಎಂದು ಉಸಿರು ಬಿಡದೆ ಒದರಿ ಮುಗಿಸುತ್ತಿದ್ದರು. ಒಂದು ರಾಜ್ಯದ ಕಾನೂನಿಗೆ ಸಿಕ್ಕ ಮರ್ಯಾದೆ ಕೆಲವು ಸೆಕೆಂಡುಗಳಷ್ಟೇ.

ಜೂಜಿನ ಬಗ್ಗೆ ಮಾತಾಡುವಾಗ ನಾವು ಆಡಿದವನನ್ನು ಬೈಯುತ್ತೇವೆ, ಆಡಿಸಿದವನನ್ನು ಹಿಡಿಯಿರಿ ಎನ್ನುತ್ತೇವೆ. ಕರೆದವನನ್ನು ಮರೆತುಬಿಡುತ್ತೇವೆ. ಜಾಹೀರಾತು ಎಂದರೆ ಕರೆ. ಹೊರನಾಡಿನಲ್ಲಿ ದುಡಿಯುವ ಕನ್ನಡಿಗರಿಗೆ ಈ ಕರೆ ಎರಡು ಕಡೆಯಿಂದ ಬರುತ್ತದೆ. ದುಡಿಯುವ ಊರಿನ ಕಾನೂನು ಬೇರೆ, ಹುಟ್ಟೂರಿನದು ಬೇರೆ. ಟಿವಿ ಮಾತ್ರ ಒಂದೇ, ಅದೂ ಕನ್ನಡದ ವೀಕ್ಷಕ ವಿವರಣೆಯ ಜೊತೆಗೆ.

ಕರ್ನಾಟಕದ ಕಥೆ ನೋಡಿ. 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಹಣದ ಆನ್‌ಲೈನ್ ಆಟಗಳು ನಿಷೇಧವಾದವು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೌಶಲದ ಆಟವನ್ನು ಜೂಜೆಂದು ಕರೆಯಲಾಗದು ಎಂಬುದು ತೀರ್ಪಿನ ತಿರುಳು. ಅಲ್ಲಿಂದ ಮೂರೂವರೆ ವರ್ಷ, ಆಂಧ್ರದಲ್ಲಿ ಮುಚ್ಚಿದ ಆ್ಯಪ್ ಕರ್ನಾಟಕದಲ್ಲಿ ತೆರೆದಿತ್ತು. ಮೊಬೈಲ್ ಎಲ್ಲಿದೆ ಎಂಬುದನ್ನು ನೋಡಿ ಆ್ಯಪ್ ಹಣ ಸ್ವೀಕರಿಸುತ್ತಿತ್ತು. ವಿಶಾಖಪಟ್ಟಣದಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದವನಿಗೆ ವಿಜಯವಾಡ, ಧರ್ಮಾವರ, ಹಿಂದೂಪುರದವರೆಗೂ ಬಾಗಿಲು ಬಂದ್. ಗೌರಿಬಿದನೂರಿಗೆ ಬರುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು. ಅದೇ ಮನುಷ್ಯ, ಅದೇ ಸಂಬಳ, ಅದೇ ಬರ್ತ್.

ಹೀಗೆ ಗಡಿ ದಾಟಿ ಬರುವ ಕರೆ ಹೊಸದೇನಲ್ಲ. ನಮ್ಮ ಬೆಂಗಳೂರಿನಿಂದಲೇ ಹೋದ ಹಳೆಯ ಉದಾಹರಣೆಯೊಂದಿದೆ. 1950ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯಲ್ಲಿ ಆರ್‌ಎಂಡಿಸಿ ಹೆಸರಿನ ಪದಬಂಧ ಸ್ಪರ್ಧೆ ಬರುತ್ತಿತ್ತು. ಶುಲ್ಕ ಕಟ್ಟಿ ಉತ್ತರ ತುಂಬಿ ಕಳಿಸಿದರೆ ಬಹುಮಾನದ ಆಸೆ. ಪತ್ರಿಕೆ ಮೈಸೂರು ರಾಜ್ಯದ್ದು, ಆದರೆ ಬಾಂಬೆ ರಾಜ್ಯದಲ್ಲಿ ಭರ್ಜರಿ ಪ್ರಸಾರ. ಬಾಂಬೆ ಸರ್ಕಾರ ತನ್ನ ಕಾಯ್ದೆಯನ್ನು ಈ ಸ್ಪರ್ಧೆಗೂ ಅನ್ವಯಿಸಿದಾಗ, ‘ನಾವು ಇರುವುದೇ ಮೈಸೂರಿನಲ್ಲಿ, ನಿಮ್ಮ ಕಾನೂನು ನಮಗೇಕೆ?’ ಎಂಬ ವಾದ ಬಂತು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆಹ್ವಾನ ತಲುಪುವುದು ಬಾಂಬೆಯಲ್ಲಿ, ಅರ್ಜಿ ತುಂಬುವುದು ಅಲ್ಲಿ, ಹಣ ಕಟ್ಟುವುದೂ ಅಲ್ಲಿ. ಹೀಗಿರುವಾಗ ಬಾಂಬೆಯ ಕಾನೂನು ಅನ್ವಯಿಸುತ್ತದೆ ಎಂದಿತು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದೂ ಹೇಳಿತು.

ಪತ್ರಿಕೆಯ ಕಾಲಕ್ಕೇ ಗೊತ್ತಿದ್ದ ಈ ತತ್ವ ಟಿವಿಯ ಕಾಲಕ್ಕೆ ಹೇಗೆ ಮರೆತುಹೋಯಿತು? ಕರೆ ಎಲ್ಲಿ ತಲುಪುತ್ತದೋ ಅಲ್ಲಿನ ಕಾನೂನಿಗೆ ಕರೆದವನು ಉತ್ತರ ಹೇಳಬೇಕಲ್ಲವೆ?

ಕರೆಯುವವರು ಯಾರು ಎಂಬುದೂ ಮುಖ್ಯ. ಮಹಾಭಾರತದಲ್ಲಿ ಧರ್ಮರಾಯನನ್ನು ಜೂಜಿಗೆ ಕರೆತರಲು ಹಸ್ತಿನಾವತಿಯಿಂದ ಶಕುನಿಯನ್ನು ಕಳಿಸಲಿಲ್ಲ. ಕಳಿಸಿದ್ದು ವಿದುರನನ್ನು. ಶಕುನಿ ಬಂದಿದ್ದರೆ ಧರ್ಮರಾಯ ಎರಡು ಸಲ ಯೋಚಿಸುತ್ತಿದ್ದನೇನೋ. ಬೇಡವೆಂದು ತಿಳಿದೇ ಕರೆಯಲು ಬಂದ ವಿದುರ ಒಳ್ಳೆಯವನು. ಆದರೆ ಒಳ್ಳೆಯವನ ಬಾಯಿಂದ ಬಂದದ್ದರಿಂದಲೇ ಆ ಕರೆಗೆ ಅಷ್ಟು ಬಲ. ಇಂದಿನ ಜಾಹೀರಾತಿನವರಿಗೂ ಇದು ಚೆನ್ನಾಗಿ ಗೊತ್ತು. ಬುಕ್ಕಿಯ ಮುಖವನ್ನು ಅವರು ತೋರಿಸುವುದಿಲ್ಲ. ಹುಡುಗರು ಯಾರ ಬ್ಯಾಟಿಂಗ್ ಶೈಲಿಯನ್ನು ಗಲ್ಲಿಯಲ್ಲಿ ಅನುಕರಿಸುತ್ತಾರೋ ಅವನನ್ನೇ ಮನೆಬಾಗಿಲಿಗೆ ಕಳಿಸುತ್ತಾರೆ.

ನಾನು ಬ್ಯಾಂಕ್ ಉದ್ಯೋಗಿ. ಮೊದಲು ವಿಜಯವಾಡ, ಈಗ ವಿಶಾಖಪಟ್ಟಣ. ಈ ಕರೆಗೆ ಓಗೊಟ್ಟವರ ಕಥೆ ನಮ್ಮ ಮೇಜಿಗೆ ಬರುವುದು ಖಾತೆಯ ವಿವರಪಟ್ಟಿಯ ರೂಪದಲ್ಲಿ. ಸಂಬಳ ಬಿದ್ದ ವಾರ ಸಂಜೆ ಏಳರ ಸುಮಾರಿಗೆ ₹49, ₹99ರ ಸಣ್ಣ ಪಾವತಿಗಳು. ಒಂದೆರಡು ತಿಂಗಳಲ್ಲಿ ಅವು ಸಾವಿರಕ್ಕೆ ಏರುತ್ತವೆ. ಆಮೇಲೆ ಸಾಲದ ಆ್ಯಪ್‌ಗಳ ಕಂತು ಶುರು. ಕರ್ನಾಟಕದ ಹುಡುಗನೊಬ್ಬ ಒಮ್ಮೆ ವೈಯಕ್ತಿಕ ಸಾಲ ಕೇಳಿಕೊಂಡು ಬಂದ. ನಾನು ಕನ್ನಡದವನೆಂದು ತಿಳಿದ ಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಅವನು ಆಡಿದ ಮೊದಲ ಮಾತು, ‘ಸರ್, ಮನೇಲಿ ಗೊತ್ತಾಗಬಾರದು.’ ಸೋತ ಮೊತ್ತವನ್ನು ಅವನು ಹೇಳಿದ್ದು ಆಮೇಲೆ. ಊರಿನಲ್ಲಿ ಇಸ್ಪೀಟು ಆಡಿ ಸೋತರೆ ಸಂಜೆಯೊಳಗೆ ಅಣ್ಣನಿಗೋ ಚಿಕ್ಕಪ್ಪನಿಗೋ ಸುದ್ದಿ ಮುಟ್ಟುತ್ತದೆ, ಬೈಗುಳ ಬೀಳುತ್ತದೆ, ಅಲ್ಲಿಗೆ ಒಂದು ತಡೆ ಸಿಗುತ್ತದೆ. ಪರವೂರಿನ ಬಾಡಿಗೆ ಕೋಣೆಯಲ್ಲಿ ಆ ತಡೆ ಇಲ್ಲ.

ಆಂಧ್ರದ ನೆಲಕ್ಕೂ ಪಂದ್ಯ ಕಟ್ಟುವುದು ಹೊಸದಲ್ಲ. ಸಂಕ್ರಾಂತಿಯಲ್ಲಿ ಕೃಷ್ಣಾ, ಗೋದಾವರಿ ಜಿಲ್ಲೆಗಳ ಕೋಳಿ ಪಂದ್ಯಗಳು ನಿಷೇಧದ ನಡುವೆಯೇ ನಡೆಯುತ್ತವೆ. ನಮ್ಮ ಕರಾವಳಿಯ ಕೋಳಿ ಅಂಕ, ಉತ್ತರ ಕರ್ನಾಟಕದ ಓಸಿ, ಮಟ್ಕಾ ಎಲ್ಲವೂ ಅದರ ಬಳಗವೇ. ಆದರೆ ಕೋಳಿ ಪಂದ್ಯಕ್ಕೆ ಹೋಗಬೇಕಾದರೆ ಮನೆ ಬಿಟ್ಟು ಹೋಗಬೇಕು. ಹೋದದ್ದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಅಮ್ಮನ ಪಕ್ಕದಲ್ಲಿ ಕೂತು ಪಂದ್ಯ ನೋಡುತ್ತಿರುವವನ ಬಳಿಗೆ ಅದೇ ಬಂದು ಕರೆಯುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಯ ಅಂಕಿತವೂ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನು ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಅದು ನಿಷೇಧಿಸುತ್ತದೆ. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ. ಆಡಿದವನಿಗೆ ಮಾತ್ರ ಶಿಕ್ಷೆಯಿಲ್ಲ. ಕರೆದವನನ್ನೂ ಲೆಕ್ಕಕ್ಕೆ ತೆಗೆದುಕೊಂಡ ಈ ಕಾನೂನು, ಆ ಮಟ್ಟಿಗೆ, ಸರಿಯಾದ ದಾರಿ ಹಿಡಿದಿದೆ. ಕರ್ನಾಟಕ ಸೇರಿದಂತೆ ಕೆಲವು ಹೈಕೋರ್ಟ್‌ಗಳಲ್ಲಿ ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೇ ವರ್ಗಾಯಿಸಿಕೊಂಡಿತು.

ಇದರಿಂದ ಕ್ರಿಕೆಟ್ ಬಡವಾಯಿತೇ? ₹358 ಕೋಟಿಯ ಒಪ್ಪಂದದಡಿ ಭಾರತ ತಂಡದ ಜೆರ್ಸಿಯ ಮೇಲಿದ್ದ ಡ್ರೀಮ್11 ಹೆಸರು ಹೋಯಿತು. ತಂಡ ಏಷ್ಯಾ ಕಪ್ ಅನ್ನು ಪ್ರಾಯೋಜಕರಿಲ್ಲದ ಜೆರ್ಸಿಯಲ್ಲೇ ಆಡಿ ಗೆದ್ದಿತು. ಕೆಲವೇ ವಾರಗಳಲ್ಲಿ ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಟೈರ್ ಕಂಪನಿಯೊಂದು ಬಂತು. ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲೇ ಭಾರತ ದಕ್ಷಿಣ ಆಫ್ರಿಕಾವನ್ನು 9 ವಿಕೆಟ್‌ಗಳಿಂದ ಸೋಲಿಸಿದಾಗ ಆಟಗಾರರ ಎದೆಯ ಮೇಲಿದ್ದದ್ದು ಟೈರ್‌ನ ಹೆಸರು. ಆಟದ ಸೊಗಸಿಗೆ ಕುಂದೇನೂ ಬರಲಿಲ್ಲ.

ಹಿಂದೆಯೂ ಹೀಗೆಯೇ ಆಗಿತ್ತು. 1996ರ ವಿಶ್ವಕಪ್‌ನ ಹೆಸರೇ ವಿಲ್ಸ್ ವಿಶ್ವಕಪ್. ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಆಡುತ್ತಿದ್ದ ಆ ದಿನಗಳಲ್ಲಿ ಭಾರತ ತಂಡದ ಅಂಗಿಯ ಮೇಲೆ ಸಿಗರೇಟಿನ ಹೆಸರಿತ್ತು. 2001ರಲ್ಲಿ ಐಟಿಸಿ ಹಿಂದೆ ಸರಿಯಿತು, 2003ರಲ್ಲಿ ತಂಬಾಕು ಜಾಹೀರಾತು ನಿಷೇಧಿಸುವ ಕಾಯ್ದೆ ಬಂತು. ತಂಬಾಕಿನ ದುಡ್ಡಿಲ್ಲದಿದ್ದರೆ ಕ್ರಿಕೆಟ್ ಉಳಿಯದು ಎಂಬ ಮಾತು ಇಂದು ಯಾರಿಗೂ ನೆನಪಿಲ್ಲ.

ಆದರೆ ಆ ಕಥೆಯ ಎರಡನೆಯ ಭಾಗವೂ ನಮಗೆ ಗೊತ್ತಿದೆ. ಸಿಗರೇಟು ಹೋಯಿತು, ಪಾನ್ ಮಸಾಲಾ ಕಂಪನಿಗಳ ಏಲಕ್ಕಿ ಬಂತು. ಜೂಜಿನಲ್ಲೂ ಅದೇ ದಾರಿ. ವಿದೇಶದಿಂದ ನಡೆಯುವ ಬೆಟ್ಟಿಂಗ್ ತಾಣಗಳು ತಮ್ಮದೇ ಹೆಸರಿನ ‘ಕ್ರೀಡಾ ಸುದ್ದಿ’ ತಾಣವನ್ನೋ ಟೀ ಶರ್ಟ್ ಬ್ರ್ಯಾಂಡನ್ನೋ ಹುಟ್ಟಿಸಿ ಜಾಹೀರಾತು ಕೊಡುತ್ತವೆ. ಲೋಗೊ ಒಂದೇ, ಬಣ್ಣ ಒಂದೇ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಇದರ ಬಗ್ಗೆ ಸಲಹಾಪತ್ರ ಹೊರಡಿಸಿತು. ಆಮೇಲೂ ಪದೇ ಪದೇ ಅದನ್ನೇ ಹೇಳಬೇಕಾಗಿ ಬಂದದ್ದನ್ನು ನೋಡಿದರೆ ಪಾಲನೆ ಎಷ್ಟಾಯಿತೆಂದು ಊಹಿಸಬಹುದು.

ಈ ತಾಣಗಳಿಗೆ ಹಣ ಹೋಗುವ ಬಗೆಯನ್ನು ಬ್ಯಾಂಕಿನವರು ಬಲ್ಲರು. ಕಂಪನಿಯ ಖಾತೆ ಎಂಬುದೇ ಇರುವುದಿಲ್ಲ. ಯಾರದೋ ಹೆಸರಿನ ಯುಪಿಐ ಐಡಿ, ಇವತ್ತು ಇದ್ದದ್ದು ನಾಳೆ ಇಲ್ಲ. ಕಮಿಷನ್ ಆಸೆಗೆ ತಮ್ಮ ಖಾತೆಯನ್ನು ಬಾಡಿಗೆಗೆ ಕೊಟ್ಟ ವಿದ್ಯಾರ್ಥಿಗಳು, ಕೂಲಿಕಾರರು ಆ ಖಾತೆಗಳ ಹೆಸರಿನ ಮುಂದೆ ಇರುತ್ತಾರೆ. ಪೊಲೀಸರು ಬಂದಾಗ ಸ್ತಂಭನವಾಗುವುದು ಅವರ ಖಾತೆ.

ನಿಷೇಧದಿಂದ ಆಟ ನೆಲದಡಿಗೆ ಇಳಿಯುತ್ತದೆ, ತೆರಿಗೆಯೂ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. 2023ರ ಅಕ್ಟೋಬರ್‌ನಿಂದ ಸರ್ಕಾರವೇ ಈ ಆಟಗಳ ಮೇಲೆ ಶೇ 28 ಜಿಎಸ್‌ಟಿ ಪಡೆಯುತ್ತಿತ್ತು. ಬುಕ್ಕಿಗಳ ಬಂಧನದ ಸುದ್ದಿಯಿಲ್ಲದ ಐಪಿಎಲ್ ಋತುವೂ ಇಲ್ಲ. ಆದರೆ ನೆಲದಡಿಯ ದಂಧೆ ಬೆಳೆಯಬೇಕಾದರೂ ಅದಕ್ಕೆ ಹೊಸಬರು ಬೇಕು. ಹೊಸಬರನ್ನು ತರುವುದು ಜಾಹೀರಾತು. ಆಟವನ್ನು ಪೂರ್ತಿ ನಿಲ್ಲಿಸುವುದು ಯಾವ ಸರ್ಕಾರದಿಂದಲೂ ಆಗದಿರಬಹುದು. ಟಿವಿಯಲ್ಲಿ ಬರುವ ಕರೆಯನ್ನು ನಿಲ್ಲಿಸುವುದು ಖಂಡಿತ ಆಗುತ್ತದೆ, ಏಕೆಂದರೆ ಪ್ರಸಾರಕರು ಯಾರು, ಜಾಹೀರಾತಿನ ಬಿಲ್ ಯಾರ ಹೆಸರಿಗೆ ಹೋಯಿತು ಎಂಬುದಕ್ಕೆಲ್ಲ ದಾಖಲೆಯಿದೆ.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಜಾಹೀರಾತುದಾರನ ಮೂಲ ಮಾಲೀಕ ಯಾರು, ಅವನ ಬೇರೆ ವ್ಯವಹಾರವೇನು ಎಂಬುದನ್ನು ಪರಿಶೀಲಿಸಿದ ಮೇಲಷ್ಟೇ ಪ್ರಸಾರಕರೂ ಕ್ರಿಕೆಟ್ ಮಂಡಳಿಯೂ ಹಣ ಮುಟ್ಟಬೇಕು. ಮೈದಾನದ ಅಂಚಿನ ಫಲಕಕ್ಕೂ ಈ ನಿಯಮ ಅನ್ವಯವಾಗಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಜೂಜಿನ ಹೆಸರನ್ನು ಅಂಗಿಯ ಎದೆಭಾಗದಿಂದ ತೆಗೆಯಲು ಒಪ್ಪಿ ತೋಳಿನ ಮೇಲೆ, ಫಲಕಗಳ ಮೇಲೆ ಉಳಿಸಿಕೊಂಡವು. ಅಂಥ ಅರೆಮನಸ್ಸು ನಮಗೆ ಬೇಡ.

ನಮ್ಮ ಪಾಲಿನದೂ ಸ್ವಲ್ಪ ಇದೆ. ಹೊರರಾಜ್ಯಗಳ ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿಯ ಜೊತೆಗೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರ ಜೊತೆ ಒಂದು ಸಂಜೆ ಈ ವಿಷಯ ಮಾತಾಡಲಿ. ಕೇಂದ್ರದ ಕಾಯ್ದೆಯಡಿ ಆಡಿದವರಿಗೆ ಶಿಕ್ಷೆಯಿಲ್ಲವೆಂಬುದನ್ನು ತಿಳಿಸಲಿ. ಹಣ ಮೋಸಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು. ಚಟ ಬಿಡಲಾಗದೆ ಒದ್ದಾಡುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಭಾಷೆ ಆರಿಸಿಕೊಳ್ಳಬಹುದು. ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್‌ಗೂ ಹೋಗಬಹುದು. ಸಾಲದ ಕಥೆಯನ್ನು ತೆಲುಗಿನಲ್ಲೋ ಹಿಂದಿಯಲ್ಲೋ ಹೇಳಿಕೊಳ್ಳುವುದು ಕಷ್ಟ. ಕರೆ ಕನ್ನಡದಲ್ಲಿ ಬಂದಿತ್ತು. ಬಿಡುಗಡೆಯ ಮಾತೂ ಕನ್ನಡದಲ್ಲೇ ಸಿಗಲಿ.