ದೃಶ್ಯಕ್ಕೆ ಬರವಿಲ್ಲ, ಶಿಕ್ಷೆಗೆ ಬರ

ಕರಾವಳಿಯ ಅನೈತಿಕ ಪೊಲೀಸ್‌ಗಿರಿಯ ಮೇಲೆ ಒಂದು ಗಟ್ಟಿ ತನಿಖಾ ಸಾಕ್ಷ್ಯಚಿತ್ರ ಬರಬೇಕು, ಆಗಲಾದರೂ ವ್ಯವಸ್ಥೆಗೆ ಬಿಸಿ ಮುಟ್ಟೀತು ಎಂಬ ವಾದ ಆಗಾಗ ಕೇಳಿಬರುತ್ತದೆ. ಮುಟ್ಟುವುದಿಲ್ಲ. ಮಂಗಳೂರಿನಲ್ಲಿ ದೃಶ್ಯಕ್ಕೆ ಯಾವತ್ತೂ ಬರ ಇರಲಿಲ್ಲ.

2009ರ ಜನವರಿ 24ರ ಪಬ್ ದಾಳಿಯನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. 2012ರ ಜುಲೈ 28ರ ಪಡೀಲ್ ಹೋಮ್‌ಸ್ಟೇ ದಾಳಿಯನ್ನೂ ನೋಡಿತು. ಮೊದಲನೆಯದರಲ್ಲಿ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್ ಸೇರಿದಂತೆ ಆರೋಪಿಗಳು 2018ರ ಮಾರ್ಚ್‌ನಲ್ಲಿ ಖುಲಾಸೆಯಾದರು. ಎರಡನೆಯದರ ಆರೋಪಿಗಳು 2024ರ ಆಗಸ್ಟ್‌ನಲ್ಲಿ. ದೇಶವೇ ನೋಡಿದ ಎರಡು ದಾಳಿಗಳು, ವಿಚಾರಣಾ ನ್ಯಾಯಾಲಯದಲ್ಲಿ ಶಿಕ್ಷೆ ಸೊನ್ನೆ.

ಈ ಸೊನ್ನೆಯನ್ನು ಬಿಟ್ಟು ನಾವು ಉಳಿದೆಲ್ಲ ಅಂಕಿಗಳ ಬಗ್ಗೆ ಮಾತಾಡುತ್ತೇವೆ. 2023ರ ಜೂನ್‌ನಲ್ಲಿ ಸೋಮೇಶ್ವರ ಕಡಲತೀರದ ಹಲ್ಲೆಯ ಬೆನ್ನಲ್ಲೇ ಗೃಹ ಸಚಿವ ಜಿ. ಪರಮೇಶ್ವರ ಅವರು ಆ್ಯಂಟಿ ಕಮ್ಯುನಲ್ ವಿಂಗ್ ಪ್ರಕಟಿಸಿದರು. 2025ರ ಜೂನ್‌ನಲ್ಲಿ 248 ಸಿಬ್ಬಂದಿಯ ವಿಶೇಷ ಕಾರ್ಯಪಡೆಗೆ ಇಲ್ಲೇ ಚಾಲನೆ ಕೊಟ್ಟರು. ಪಡೆ ಇರಲಿ, ಹೊಡೆದಾಟ ತಡೆಯಲು ಬೇಕು. ಆದರೆ ಹೋಮ್‌ಸ್ಟೇ ಪ್ರಕರಣ ಬಿದ್ದದ್ದು ಬೀದಿಯಲ್ಲಿ ಪೊಲೀಸರು ಸಾಲದೆ ಅಲ್ಲ, ಕೋರ್ಟಿನಲ್ಲಿ ಸಾಕ್ಷ್ಯ ಸಾಲದೆ.

ಸಾಕ್ಷ್ಯ ಏಕೆ ಸಾಲುವುದಿಲ್ಲ? ಟಿ.ವಿ.ಯಲ್ಲಿ ಕಂಡದ್ದೆಲ್ಲ ಕಟಕಟೆಯಲ್ಲಿ ನಿಲ್ಲುವುದಿಲ್ಲ. 2014ರ ಅನ್ವರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಮಾಡಿದ ಡಿಜಿಟಲ್ ದೃಶ್ಯಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್ನಿನ ಪ್ರಮಾಣಪತ್ರ ಕಡ್ಡಾಯ ಎಂದಿತು. 2020ರಲ್ಲಿ ಅದನ್ನೇ ಪುನರುಚ್ಚರಿಸಿತು. 2014ಕ್ಕೆ ಮುಂಚಿನ ಪ್ರಕರಣಗಳಲ್ಲಿ ದೃಶ್ಯ ಸಂಗ್ರಹಿಸುವಾಗ ನಿಯಮ ಸಡಿಲ, ವಿಚಾರಣೆಗೆ ಬರುವಾಗ ಬಿಗಿ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇನ್ನೂ ಬಿಗಿ. ಪ್ರಮಾಣಪತ್ರ ಇದ್ದರೂ, ‘ನನ್ನನ್ನು ಹೊಡೆದದ್ದು ಇವನೇ’ ಎಂದು ಬೆರಳು ತೋರಿಸಲು ಪೆಟ್ಟು ತಿಂದವರೇ ಬರಬೇಕು. ಹೋಮ್‌ಸ್ಟೇ ಕೇಸು ಹನ್ನೆರಡು ವರ್ಷ ಎಳೆಯಿತು. ಅಷ್ಟರಲ್ಲಿ ಅಲ್ಲಿ ಪೆಟ್ಟು ತಿಂದ ವಿದ್ಯಾರ್ಥಿಗಳು ಓದು ಮುಗಿಸಿ ಎಲ್ಲೆಲ್ಲಿಗೋ ಹೋಗಿರುತ್ತಾರೆ. ಈ ಊರಿನ ಕೋರ್ಟಿಗೆ ಮತ್ತೆ ಬಂದು ನಿಲ್ಲುವ ಧೈರ್ಯ ಅವರಿಗೆ ಯಾರು ಕೊಟ್ಟಿದ್ದರು? ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದೇ 2018ರ ಡಿಸೆಂಬರ್‌ನಲ್ಲಿ.

ಇನ್ನು ಕ್ಯಾಮೆರಾ ಒಯ್ದವರ ಗತಿ. ಪಡೀಲ್ ದಾಳಿಯನ್ನು ಜಗತ್ತಿಗೆ ತೋರಿಸಿದ ವರದಿಗಾರ ನವೀನ್ ಸೂರಿಂಜೆ ಅವರನ್ನೇ ಆರೋಪಿ ಮಾಡಿ 2012ರ ನವೆಂಬರ್‌ನಲ್ಲಿ ಬಂಧಿಸಲಾಯಿತು. ಪೊಲೀಸರಿಗೆ ತಿಳಿಸಲು ಯತ್ನಿಸಿದ್ದೆ ಎಂದು ಅವರು ಹೇಳಿದರೂ, ಹೈಕೋರ್ಟಿನಿಂದ ಜಾಮೀನು ಸಿಕ್ಕಿದ್ದು ಮರುವರ್ಷದ ಮಾರ್ಚ್‌ಗೆ. ಸಾಕ್ಷ್ಯಚಿತ್ರ ಬೇಕೆನ್ನುವವರು ಈ ನಾಲ್ಕು ತಿಂಗಳ ಜೈಲನ್ನು ಮೊದಲು ಓದಿಕೊಳ್ಳಲಿ.

ಸಾಕ್ಷ್ಯಚಿತ್ರದಿಂದ ಕಲಿಯುವುದಿದ್ದರೆ ಅದು ಬೇರೆಯೇ ಪಾಠ. ನ್ಯೂಜಿಲೆಂಡಿನ ಡೇವಿಡ್ ಫ್ಯಾರಿಯರ್ 2016ರಲ್ಲಿ ‘ಟಿಕಲ್ಡ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಕಚಗುಳಿಯ ವಿಚಿತ್ರ ‘ಸ್ಪರ್ಧೆ’ಗಳ ಬೆನ್ನು ಹತ್ತಿದವರಿಗೆ ಕೊನೆಗೆ ಸಿಕ್ಕಿದ್ದು ದುಡ್ಡು ಸುರಿದು ಯುವಕರನ್ನು ಬೆದರಿಸುತ್ತಿದ್ದ ಒಬ್ಬ ಶ್ರೀಮಂತ. ಫ್ಯಾರಿಯರ್ ವಿಡಿಯೊ ನೋಡಿ ನಿಲ್ಲಲಿಲ್ಲ, ಯಾರ ದುಡ್ಡು ಎಂದು ಕೇಳಿದರು. ನಮ್ಮ ದೃಶ್ಯಗಳೆಲ್ಲ ಕಪಾಳಮೋಕ್ಷದಲ್ಲೇ ನಿಂತಿವೆ. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಂದೇ ಬಸ್ಸು ಹತ್ತಿದರೆ, ಅದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ತಲುಪುವ ಮೊದಲೇ ಸುದ್ದಿ ಯಾರ ಮೊಬೈಲಿಗೆ ಹೋಗುತ್ತದೆ? ಕಳಿಸುವವರು ಯಾರು, ಸಿಕ್ಕಿಬಿದ್ದವರ ವಕೀಲರ ಫೀಸು ಕಟ್ಟುವವರು ಯಾರು? ಇದನ್ನು ಕೇಳಬೇಕಾದದ್ದು ಚಿತ್ರ ನಿರ್ದೇಶಕರಲ್ಲ, ತನಿಖಾಧಿಕಾರಿ.

ಗೃಹ ಸಚಿವರು ಮುಂದಿನ ಅಧಿವೇಶನದಲ್ಲಿ ಒಂದೇ ಒಂದು ಪಟ್ಟಿ ಮಂಡಿಸಲಿ: 2009ರಿಂದ ಈಚೆಗೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ದಾಖಲಾದ ಅನೈತಿಕ ಪೊಲೀಸ್‌ಗಿರಿಯ ಪ್ರಕರಣಗಳೆಷ್ಟು, ಶಿಕ್ಷೆಯಾದವೆಷ್ಟು, ಖುಲಾಸೆಯ ವಿರುದ್ಧ ಸರ್ಕಾರ ಮೇಲ್ಮನವಿ ಸಲ್ಲಿಸಿದವೆಷ್ಟು.